ಸುಲೈಬಿಯಾದಲ್ಲೊಂದು ಬೂಸಾನ್

ಕಳೆದ ತಿಂಗಳು ಮಲ್ಪೆ ಬಂದರಿನ ಹಿಂದಿನ ಓಣಿಗೆ ಒಣಮೀನು ತರಲು ಹೋಗಿದ್ದೆ. ಸ್ಕೂಟರ್ ಓಡಿಸಿದ್ದು ಮಗಳು ಪೂರ್ವಿ. ಅವಳಿಗೆ ಹದಿನೆಂಟು ತುಂಬಿದೆ, ಲೈಸೆನ್ಸ್ ಕೈಗೆ ಬಂದು ಎರಡೇ ವಾರವಾಗಿತ್ತು, ನಾನು ಹಿಂದೆ ಕುಳಿತು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಬಂಗುಡೆ, ನಂಗ್, ಸಿಗಡಿ ಎಂದು ನೋಡುತ್ತ ಹೋಗುವಾಗ ಒಂದು ಗೋಣಿಯ ಮೇಲೆ ಒಣಗಿದ ಬೊಂಡಾಸ್, ಅಂದರೆ ಸ್ಕ್ವಿಡ್, ಕಂಡಿತು. ನಮ್ಮ ಮನೆಗಳಲ್ಲಿ ಬೊಂಡಾಸನ್ನು ತಾಜಾ ತಂದು ಸುಕ್ಕ ಮಾಡುವುದೇ ಹೊರತು ಯಾರೂ ಒಣಗಿಸಿ ತಿನ್ನುವುದಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹತ್ತು ವರ್ಷ ಹಿಂದಕ್ಕೆ, ಕುವೈತಿನ ಸುಲೈಬಿಯಾದ ಒಂದು ತಗಡಿನ ಕ್ಯಾಬಿನ್ನಿನೊಳಗೆ ಇದ್ದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಗೊರಗುಟ್ಟುವ ಏಸಿ, ಮೇಜಿನ ಮೇಲೆ ಪೇಪರ್ ಹಾಸಿ ಹರಡಿದ ಒಣ ಬೊಂಡಾಸ್, ಕಂಪ್ಯೂಟರಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರದಲ್ಲಿ ಬೇಸ್‌ಬಾಲ್.

ಅದು ಎರಡು ಸಾವಿರದ ಎಂಟನೇ ಇಸವಿ. ಅದಕ್ಕೂ ಮೊದಲು ಒಂಬತ್ತು ವರ್ಷ ನಾನು, ಹೆಂಡತಿ ಸುಜಾತ, ಅಲ್ಲಿಯೇ ಹುಟ್ಟಿದ ಪೂರ್ವಿ, ಮೂವರೂ ಖೈತಾನಿನ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಮನೆಮಾತು ತುಳು, ಸುಜಾತ ಕುಂದಾಪುರದ ಕಡೆಯವಳು, ತುಳು ಅವಳಿಗೆ ಬಾರದು, ಅವಳ ಕುಂದಾಪುರದ ಮಾತು ನನಗೆ ಅರ್ಧ ಅರ್ಥವಾಗದು. ಹೀಗಾಗಿ ಮನೆಯಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡಂತಹ ಒಂದು ಕನ್ನಡ ಮಾತಾಡುತ್ತಿದ್ದೆವು. ಮಗಳು ಅದನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಸುಜಾತ ಯಾವುದೋ ಕಾಲದಲ್ಲಿ ಅರ್ಜಿ ಹಾಕಿ ಮರೆತೇಬಿಟ್ಟಿದ್ದ ಸರಕಾರಿ ಶಾಲೆಯ ಟೀಚರ್ ಕೆಲಸದ ಆದೇಶ ಆ ವರ್ಷದ ಮೊದಲಲ್ಲಿ ಬಂತು. ಬಿಡುವ ಕೆಲಸವಲ್ಲ ಎಂದು ಇಬ್ಬರೂ ಒಪ್ಪಿದೆವು. ಒಪ್ಪುವಾಗ ಅದೆಷ್ಟು ಸುಲಭವಿತ್ತು ಎಂದು ಈಗ ಆಶ್ಚರ್ಯವಾಗುತ್ತದೆ. ಮಾರ್ಚ್ ಕೊನೆಗೆ ತಾಯಿ ಮಗಳನ್ನು ವಿಮಾನ ಹತ್ತಿಸಿದೆ. ಏರ್‌ಪೋರ್ಟಿನಲ್ಲಿ ಪೂರ್ವಿ ಅಳಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: "ವೆನ್ ಆರ್ ಯೂ ಕಮಿಂಗ್?"

"ದಸರಾ ರಜೆಗೆ. ಆಮೇಲೆ ವಾಪಸ್ ಹೋಗುದೇ ಇಲ್ಲ" ಎಂದೆ.

ಅದನ್ನು ನಾನು ನಂಬಿಕೊಂಡೇ ಹೇಳಿದ್ದು. ನನ್ನ ಕಂಪನಿಯ ಪೈಪ್‌ಲೈನ್ ಕೆಲಸ ಸೆಪ್ಟೆಂಬರಿಗೆ ಮುಗಿಯುವುದಿತ್ತು, ನನ್ನ ಕರಾರೂ ಅಷ್ಟಕ್ಕೇ ಇತ್ತು.

ಫ್ಲ್ಯಾಟ್ ಬಿಟ್ಟುಕೊಟ್ಟೆ. ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಹಾರಿಸ್ ಖಾಲಿ ಕೋಣೆಗಳನ್ನು ಒಂದು ಸುತ್ತು ನೋಡಿ, "ಖಲಾಸ್?" ಎಂದು ಕೇಳಿ ಕೀಲಿಕೈ ಇಸಿದುಕೊಂಡ. ಅಡುಗೆಮನೆಯ ಬಾಗಿಲ ಪಟ್ಟಿಯಲ್ಲಿ ಪೂರ್ವಿಯ ಎತ್ತರವನ್ನು ವರ್ಷವರ್ಷವೂ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆವು. ಒರೆಸಬೇಕೆಂದು ಬಟ್ಟೆ ಹಿಡಿದವನು ಒರೆಸದೆ ಬಂದೆ. ಅದೇ ಖೈತಾನಿನಲ್ಲಿ, ಎರಡು ಬೀದಿ ಆಚೆ, ಹಾಲನ್ನು ಪ್ಲೈವುಡ್ಡಿನಿಂದ ಮೂರು ಪಾಲು ಮಾಡಿದ್ದ ಮನೆಯಲ್ಲಿ ನನಗೊಂದು ಪಾಲು ಸಿಕ್ಕಿತು. ಉಳಿದ ಎರಡು ಪಾಲಿನವರು ಬೇರೆ ಪಾಳಿಯ ಕೆಲಸದವರು, ಅವರ ಗೊರಕೆಯ ಪರಿಚಯವಾಯಿತೇ ಹೊರತು ಮುಖದ ಪರಿಚಯ ಸರಿಯಾಗಿ ಆಗಲೇ ಇಲ್ಲ. ಶುಕ್ರವಾರ ರಜೆ. ಆ ದಿನ ಮಾತ್ರ ಯಾರಿಗೂ ಬರಬಾರದು. ಬಟ್ಟೆ ಒಗೆದು, ಅನ್ನ ಸಾರು ಮಾಡಿ, ಉಂಡು, ಗಡಿಯಾರ ನೋಡಿದರೆ ಇನ್ನೂ ಹನ್ನೊಂದೂವರೆ ಆಗಿರುತ್ತಿತ್ತು.

ಫೋನು ಮಾಡಿದರೆ ಪೂರ್ವಿ ಮಾತಾಡುತ್ತಿರಲಿಲ್ಲ. ಉಡುಪಿಯ ಶಾಲೆ ಶುರುವಾದ ಮೊದಲ ದಿನ ಟೀಚರ್ ಎಲ್ಲರ ಊರು ಕೇಳಿದರಂತೆ. ಇವಳು ಎದ್ದು ನಿಂತು "ಖೈತಾನ್" ಎಂದಳಂತೆ. ಕ್ಲಾಸೆಲ್ಲ ನಕ್ಕಿತು. ಅಂದಿನಿಂದ ಅವಳು ಶಾಲೆಯಲ್ಲೂ ಬಾಯಿ ಬಿಡುವುದಿಲ್ಲ, ನನ್ನ ಹತ್ತಿರವಂತೂ ಇಲ್ಲವೇ ಇಲ್ಲ. "ಹಲೋ" ಎಂದರೆ "ಹ್ಮ್", "ಊಟ ಆಯ್ತಾ" ಎಂದರೆ "ಹ್ಮ್", ಆಮೇಲೆ "ಐ ಹ್ಯಾವ್ ಹೋಮ್‌ವರ್ಕ್". ರಿಸೀವರ್ ಕೆಳಗಿಟ್ಟ ಸದ್ದು.

"ಅವಳು ಫೋನಿಗೆ ಬರುದಿಲ್ಲ ಅಂತಾಳೆ ಮಾರಾಯ್ರೆ" ಎಂದು ಸುಜಾತ ಒಂದು ದಿನ ಹೇಳಿಯೇಬಿಟ್ಟಳು. "ನೀವು ಬರುದಿಲ್ಲ ಅಂತ ಅವಳಿಗೆ ಯಾಕೋ ತಲೆಗೆ ಹೋಗಿಬಿಟ್ಟಿದೆ."

ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಎಂಟು ವರ್ಷದ ಹುಡುಗಿ ನನ್ನನ್ನು ಮರೆಯಲು ಎಷ್ಟು ತಿಂಗಳು ಬೇಕಾದೀತು ಎಂದು ಲೆಕ್ಕ ಹಾಕುತ್ತ ಬಸ್ಸಿನಲ್ಲಿ ಸುಲೈಬಿಯಾಕ್ಕೆ ಹೋಗುತ್ತಿದ್ದೆ.

ಸೈಟಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸವೆಂದರೆ ನಕ್ಷೆಗಳಿಗೆ ನಂಬರ್ ಹಾಕಿ, ಸೀಲು ಹೊಡೆದು, ಕಂಪ್ಯೂಟರಿನಲ್ಲಿ ಕಳುಹಿಸುವುದು. ಕಂಪನಿ ಕೊರಿಯಾದವರದು. ನಕ್ಷೆ ಕಳುಹಿಸಬೇಕಾದ್ದರಿಂದ ಇಡೀ ಸೈಟಿನಲ್ಲಿ ಚೆನ್ನಾಗಿ ಇಂಟರ್ನೆಟ್ ಬರುತ್ತಿದ್ದುದು ನನ್ನ ಕ್ಯಾಬಿನ್ನಿನಲ್ಲಿ ಮಾತ್ರ. ಮಿಸ್ಟರ್ ಚೋ ನನ್ನ ಜೀವನದೊಳಗೆ ಬಂದದ್ದು ಆ ಕಾರಣಕ್ಕೆ, ನನ್ನ ಗುಣ ನೋಡಿ ಅಲ್ಲ.

ಚೋ ಕೆಲಸದ ಗುಣಮಟ್ಟ ನೋಡುವ ಮ್ಯಾನೇಜರ್. ಐವತ್ತು ದಾಟಿದ, ಕುಳ್ಳಗಿನ, ಯಾವಾಗಲೂ ಸಿಡಿಮಿಡಿ ಎನ್ನುವ ಮನುಷ್ಯ. ಒಂದು ವೆಲ್ಡಿಂಗ್ ಸರಿಯಿಲ್ಲದಿದ್ದರೆ ಇಡೀ ಪೈಪು ಕತ್ತರಿಸಿ ಬಿಸಾಡಿಸುವವರು. ಏಪ್ರಿಲಿನ ಒಂದು ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಕ್ಯಾಬಿನ್ನಿಗೆ ನುಗ್ಗಿ, "ಮಿಸ್ಟರ್ ರಘು, ಕಂಪ್ಯೂಟರ್, ತ್ರೀ ಅವರ್ಸ್" ಎಂದರು. ಏನೋ ದೊಡ್ಡ ತಪ್ಪು ಹಿಡಿಯಲು ಬಂದಿದ್ದಾರೆಂದುಕೊಂಡು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕುಳಿತು, ಜೇಬಿನಿಂದ ಒಣ ಬೊಂಡಾಸಿನ ಪೊಟ್ಟಣ ತೆಗೆದು, ಬೇಸ್‌ಬಾಲ್ ಹಚ್ಚಿದರು. ಕೊರಿಯಾದಲ್ಲಿ ಆಗ ಸಂಜೆ ಆರೂವರೆ, ಆಟ ಶುರುವಾಗುವ ಹೊತ್ತು. ನಮ್ಮ ಊಟದ ಹೊತ್ತಿಗೆ ಸರಿಯಾಗಿ ಅವರ ಊರಿನಲ್ಲಿ ದೀಪ ಹತ್ತುತ್ತಿತ್ತು.

ಆ ವಾಸನೆಗೆ ಪಕ್ಕದ ಮೇಜಿನವನು ಎದ್ದು ಓಡಿದ. ನಾನು ಓಡಲಿಲ್ಲ. ಮಲ್ಪೆಯವನಿಗೆ ಒಣಮೀನಿನ ವಾಸನೆಯೆಂದರೆ ತವರಿನ ವಾಸನೆ. ಒಂದು ಎಳೆ ಕೇಳಿ ತಿಂದೆ. ಚೋ ಮೊದಲ ಬಾರಿಗೆ ನನ್ನ ಮುಖ ನೋಡಿದರು.

"ಯುವರ್ ಟೌನ್, ಸೀ?" ಎಂದು ಕೇಳಿದರು. ಹೌದು, ಬಂದರು, ಮೀನಿನ ಊರು ಎಂದೆ. "ಬೂಸಾನ್ ಸೇಮ್!" ಎಂದು ಬೆನ್ನಿಗೊಂದು ಬಡಿದರು. ಬೂಸಾನ್ ಅವರ ಊರು, ಕೊರಿಯಾದ ದೊಡ್ಡ ಬಂದರು. ಆ ಊರಿನ ತಂಡಕ್ಕೇ ಅವರು ಜೀವ ತೇಯುತ್ತಿದ್ದುದು. ತಂಡ ಎಷ್ಟೋ ವರ್ಷಗಳಿಂದ ಪಟ್ಟಿಯ ತಳದಲ್ಲೇ ಕೂತಿದ್ದರೂ ಮೈದಾನ ಮಾತ್ರ ಯಾವಾಗಲೂ ತುಂಬಿರುತ್ತಿತ್ತು. ಜನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ತಲೆಗೆ ಕಟ್ಟಿಕೊಂಡು, ಪೇಪರ್ ಹರಿದು ಕುಚ್ಚು ಮಾಡಿ ಬೀಸುತ್ತ ಒಟ್ಟಿಗೆ ಹಾಡುತ್ತಿದ್ದರು.

"ಇಷ್ಟು ಸೋಲುವ ತಂಡಕ್ಕೆ ಇಷ್ಟು ಜನ ಯಾಕೆ?" ಎಂದು ಕೇಳಿದೆ.

"ವಿನ್ನಿಂಗ್ ಟೀಮ್, ನೋ ನೀಡ್ ಮಿ" ಎಂದರು ಚೋ.

ನನಗೆ ಈ ಮಾತು ತಾಗಿತು. ಅದೇ ವರ್ಷ ನಮ್ಮಲ್ಲೂ ಕ್ರಿಕೆಟಿಗೆ ಊರೂರಿನ ತಂಡಗಳು ಬಂದಿದ್ದವು. ನಮ್ಮ ಡ್ರೈವರ್ ಸಲೀಮ್ ಭಾಯಿ ಹೈದರಾಬಾದಿನವನು, ಅವನು ಹೈದರಾಬಾದ್ ಎಂದು ಕುಣಿದ. "ಆಪ್ ಕಾ ಬೆಂಗಳೂರ್ ಹೈ ನಾ ಭಾಯಿ?" ಎಂದು ನನ್ನನ್ನೂ ಕೆಣಕಿದ. ಬೆಂಗಳೂರಿಗೆ ನಾನು ಹೋಗಿದ್ದು ಒಟ್ಟು ನಾಲ್ಕು ಸಲ, ನಾಲ್ಕೂ ಸಲ ಯಾವುದೋ ಕಾಗದಕ್ಕೆ ಸೀಲು ಹಾಕಿಸಲು. ಅದನ್ನು ನನ್ನೂರು ಎನ್ನಲು ನಾಲಿಗೆ ಏಳಲಿಲ್ಲ. ಕಡಲು, ಒಣಮೀನು, ಸೋಲು, ಈ ಮೂರೂ ಇದ್ದ ಬೂಸಾನ್ ಕಂಡದ್ದೇ ನನಗೂ ಒಂದು ಊರು ಸಿಕ್ಕಿದಂತಾಯಿತು. ಒಂದು ವಾರದಲ್ಲಿ ಚೋ ಪೆನ್ಸಿಲು ರಬ್ಬರುಗಳನ್ನು ಮೇಜಿನ ಮೇಲೆ ಜೋಡಿಸಿ ಆಟದ ನಿಯಮ ಕಲಿಸಿದರು. ಬ್ಯಾಟನ್ನು ಬಿಸಾಡಿ ಓಡುವುದಕ್ಕೆ ಮಾತ್ರ ನನ್ನ ಮನಸ್ಸು ಬಹಳ ದಿನ ಒಗ್ಗಲಿಲ್ಲ.

ನಾವು ನಾಲ್ಕು ಜನ ಸೇರುತ್ತಿದ್ದೆವು. ಚೋ, ನಾನು, ಚಹಾ ಹಿಡಿದುಕೊಂಡು ಬರುವ ಸಲೀಮ್ ಭಾಯಿ, ಮತ್ತು ಹಾನ್ ಎಂಬ ಎಳೆಯ ಇಂಜಿನಿಯರ್. ಹಾನ್ ಕೊರಿಯಾದ ರಾಜಧಾನಿಯವನು, ರಾಜಧಾನಿಯ ತಂಡದವನು, ಹಾಗಾಗಿ ಶತ್ರುಪಕ್ಷ. ಆದರೂ ಇಂಟರ್ನೆಟ್ ಇದ್ದದ್ದು ಇಲ್ಲೇ ಆದ್ದರಿಂದ ಬೈಸಿಕೊಳ್ಳುತ್ತಲೇ ಕೂರುತ್ತಿದ್ದ. ಜೂನ್ ಬಂದ ಮೇಲೆ ನಮ್ಮ ಭಾಗ್ಯ ತೆರೆಯಿತು. ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಸರಕಾರದ ನಿಯಮ. ಸೈಟಿನ ಯಂತ್ರಗಳೆಲ್ಲ ಬಾಯಿ ಮುಚ್ಚುತ್ತಿದ್ದವು, ಆಟ ಶುರುವಿನಿಂದ ಕೊನೆಯವರೆಗೆ ನಮ್ಮದಾಗುತ್ತಿತ್ತು.

ಕ್ಯಾಬಿನ್ನಿನ ತಗಡಿನೊಳಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಪೂರ್ವಿ ಶಾಲೆಯಿಂದ ಮನೆಗೆ ಬರುವ ಹೊತ್ತು ನಮ್ಮಲ್ಲಿ ಒಂದೂವರೆ. ಒಂದು ದಿನ ಆಟದ ಮಧ್ಯೆ ಎದ್ದು, ಹೊರಗಿನ ನೀರಿನ ಟ್ಯಾಂಕಿನ ಪಕ್ಕದ ಎರಡಡಿ ನೆರಳಲ್ಲಿ ನಿಂತು ಫೋನು ಮಾಡಿ, ಎರಡು "ಹ್ಮ್" ಕೇಳಿಸಿಕೊಂಡು ಒಳಗೆ ಬಂದರೆ, ಚೋ ಕುರ್ಚಿಯ ಮೇಲೆ ನಿಂತಿದ್ದರು. ನಾನು ಹೊರಗಿದ್ದಾಗ ಬೂಸಾನಿನವರು ಮೂರು ರನ್ ಹೊಡೆದಿದ್ದರು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ನಾನು ಫೋನು ಮಾಡಲು ಮನಸ್ಸಿಲ್ಲದೆ ಕೂತುಬಿಟ್ಟೆ, ತಂಡ ಸೋತಿತು. ಚೋ ಪೈಪಿನ ಬಿರುಕು ಹುಡುಕುವ ಕಣ್ಣಿನಲ್ಲಿ ನನ್ನನ್ನು ನೋಡಿದರು.

ಅಂದಿನಿಂದ ಒಂದೂವರೆ ಆಯಿತೆಂದರೆ, "ಮಿಸ್ಟರ್ ರಘು! ಟೈಮ್! ಡಾಟರ್, ಫೋನ್!" ಸಲೀಮ್ ಭಾಯಿ ಬಾಗಿಲು ತೆರೆದು, "ಚಲೋ ಭಾಯಿ, ಯಲ್ಲಾ" ಎಂದು ನನ್ನನ್ನು ಬೆಂಕಿಯೊಳಗೆ ದೂಡುತ್ತಿದ್ದ. ಹೊರಗೆ ಐವತ್ತು ಡಿಗ್ರಿಯ ಹತ್ತಿರದ ಗಾಳಿ. ಮಾತಾಡಲು ಮಗಳಿಗೆ ಇಷ್ಟವಿಲ್ಲ, ಒಳಗೆ ಹೋಗಲು ನನಗೆ ಅಪ್ಪಣೆಯಿಲ್ಲ. ಕೊನೆಗೆ ಹೇಳಲು ಬೇರೇನೂ ತೋಚದೆ ನಿಜವನ್ನೇ ಹೇಳಿದೆ: "ಪೂರ್ವಿ, ನನ್ನನ್ನು ಹೊರಗೆ ಹಾಕಿದ್ದಾರೆ ಮಾರಾಯ್ತಿ. ನಾನು ಒಳಗೆ ಕೂತರೆ ಅವರ ತಂಡ ಸೋಲ್ತದಂತೆ."

ಆ ಕಡೆ ಪೆನ್ಸಿಲು ಕೆಳಗಿಟ್ಟ ಸದ್ದು. ಆಮೇಲೆ, "ಆರ್ ಯೂ ಬ್ಯಾಡ್ ಲಕ್?"

"ಒಳಗಿದ್ದರೆ ಬ್ಯಾಡು, ಹೊರಗಿದ್ದರೆ ಗುಡ್ಡು."

ಅವಳು ನಕ್ಕಳು. ಮೂರು ತಿಂಗಳ ಮೇಲೆ ಆ ನಗು ಕೇಳಿದ್ದು. ನಾಳೆ ಗೆದ್ದರೋ ಸೋತರೋ ಹೇಳಬೇಕು ಎಂದು ಅಪ್ಪಣೆ ಮಾಡಿ ಫೋನಿಟ್ಟಳು. ಟ್ಯಾಂಕಿಗೆ ಒರಗಿ ನಿಂತು ನಾನು ಚೆನ್ನಾಗಿ ಅತ್ತೆ. ಬೆವರಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಆಮೇಲಿನ ಆ ಬೇಸಿಗೆ ನನ್ನ ಬದುಕಿನಲ್ಲಿ ಸುಖದ ಕಾಲವೆಂದು ಹೇಳಿದರೆ ಕುವೈತಿನ ಜುಲೈ ಕಂಡವರು ನಗಬಹುದು. ಪೂರ್ವಿ ಅಟ್ಲಾಸಿನಲ್ಲಿ ಬೂಸಾನ್ ಹುಡುಕಿ ಪೆನ್ಸಿಲಿನಿಂದ ಸುತ್ತು ಹಾಕಿದಳು. ಆಟಗಾರರ ಹೆಸರು ಕೇಳಿ ಬರೆದುಕೊಂಡಳು. ಶಾಲೆಯಲ್ಲಿ ಮಕ್ಕಳು ಕ್ರಿಕೆಟ್ ತಂಡಗಳ ಬಗ್ಗೆ ಜಗಳಾಡುತ್ತ "ನಿಂದು ಯಾವ ತಂಡ?" ಎಂದು ಕೇಳಿದಾಗ ಇವಳು "ಬೂಸಾನ್" ಎಂದಳಂತೆ. ಈ ಸಲ ಯಾರೂ ನಗಲಿಲ್ಲ. ಅದು ಎಲ್ಲುಂಟು, ಎಂತ ಆಟ ಎಂದು ಸುತ್ತ ಸೇರಿದರಂತೆ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಪದ್ಧತಿ. ಬೇಸ್‌ಬಾಲಿನಲ್ಲಿ ಚೆಂಡು ಜನರ ನಡುವೆ ಹೋಗಿ ಬಿದ್ದರೆ ಹಿಂದಿರುಗಿಸಬೇಕಾಗಿಲ್ಲ, ಹಿಡಿದವರಿಗೇ ಸೇರುತ್ತದೆ. ಆದರೆ ಬೂಸಾನಿನಲ್ಲಿ ಯಾರಾದರೂ ದೊಡ್ಡವರು ಚೆಂಡು ಹಿಡಿದರೆ ಸುತ್ತಲಿನ ಸಾವಿರಾರು ಜನ ಒಟ್ಟಿಗೆ "ಅಜೂರಾ! ಅಜೂರಾ!" ಎಂದು ಕೂಗುತ್ತಾರೆ. ಮಗುವಿಗೆ ಕೊಡು ಎಂದು ಅರ್ಥ. ಹತ್ತಿರದಲ್ಲಿರುವ ಯಾವುದಾದರೂ ಮಗುವಿನ ಕೈಯಲ್ಲಿ ಚೆಂಡು ಇಡುವವರೆಗೆ ಬಿಡುವುದಿಲ್ಲ. "ಅದು ಕೊರಿಯನ್ ಅಲ್ಲ, ಬರೀ ಮೀನುಗಾರರ ಭಾಷೆ" ಎಂದು ಹಾನ್ ಮೂಗು ಮುರಿಯುತ್ತಿದ್ದ. ಚೋಗೆ ಸಿಟ್ಟು ನೆತ್ತಿಗೇರುತ್ತಿತ್ತು. ನನಗೆ ಕುಂದಾಪುರದ ಹೆಂಡತಿ ನೆನಪಾಗಿ ನಗು ಬರುತ್ತಿತ್ತು. ಕೆಲವೇ ದಿನಗಳಲ್ಲಿ ಉಡುಪಿಯ ಆ ಶಾಲೆಯ ಮೈದಾನದಲ್ಲಿ ಟೆನಿಸ್ ಚೆಂಡು ಪಕ್ಕದ ಕಂಪೌಂಡಿಗೆ ಬಿದ್ದಾಗಲೆಲ್ಲ ಮಕ್ಕಳು ಗೋಡೆಯ ಮೇಲೆ ಸಾಲಾಗಿ ನಿಂತು "ಅಜೂರಾ" ಎಂದು ಆ ಮನೆಯ ಯಜಮಾನರ ತಲೆ ತಿನ್ನತೊಡಗಿದರು.

ಇಷ್ಟರ ನಡುವೆ ನನಗೆ ಒಂದು ಬದಲಾವಣೆ ಗೊತ್ತಾಗಲೇ ಇಲ್ಲ. ಆಗಸ್ಟಿನ ಒಂದು ದಿನ ಪೂರ್ವಿ, "ಎಂತ ಅಪ್ಪ, ನಿನ್ನೆ ಆ ಚೆಂಡು ಎಸೆಯುವ ಜನ ಅಷ್ಟು ಕೆಟ್ಟದು ಮಾಡಿದ್ದು ಯಾಕೆ?" ಎಂದಾಗ ನನಗೆ ಫಕ್ಕನೆ ಹೊಳೆಯಿತು. ನನ್ನ ಮಗಳು ಉಡುಪಿ ಕನ್ನಡ ಮಾತಾಡುತ್ತಿದ್ದಳು. ಯಾವಾಗ ಶುರುವಾಯಿತು ಎಂದು ನೆನಪಿಸಿಕೊಳ್ಳಲೂ ಆಗಲಿಲ್ಲ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅವಳಿಗೆ ಒಂದು ಊರಾಯಿತು, ಆ ಊರಲ್ಲಿ ನಾನಿಲ್ಲ ಎಂದೂ ಅದೇ ಗಳಿಗೆಯಲ್ಲಿ ಅನಿಸಿತು.

ತಂಡ ಆ ವರ್ಷ ಗೆಲ್ಲುತ್ತ ಹೋಯಿತು. ಎಷ್ಟೋ ವರ್ಷಗಳ ನಂತರ ಮೇಲಿನ ನಾಲ್ಕು ತಂಡಗಳಲ್ಲಿ ಒಂದಾಗಿ ಅಕ್ಟೋಬರಿನ ಕೊನೆಯ ಸುತ್ತುಗಳಿಗೆ ಬಂತು. ಚೋ ನನ್ನ ಕೈ ಹಿಡಿದು ಕುಲುಕಿದರು. ಇಡೀ ಬೇಸಿಗೆ ನಾನು ಬಿಸಿಲಲ್ಲಿ ನಿಂತದ್ದರ ಫಲ ಅದೆಂದು ಅವರ ನಂಬಿಕೆ.

ಸೆಪ್ಟೆಂಬರಿನಲ್ಲಿ ಕಂಪನಿಯ ಕಾಗದ ಬಂತು. ಕೆಲಸ ಹಿಂದೆ ಬಿದ್ದಿದೆ, ಡಿಸೆಂಬರಿನವರೆಗೆ ಯಾರಿಗೂ ರಜೆಯಿಲ್ಲ, ಆಮೇಲೆ ಅರ್ದಿಯಾದ ಹೊಸ ಗೋದಾಮಿನ ಉಸ್ತುವಾರಿ ನಿನಗೆ, ಎರಡು ವರ್ಷದ ಕರಾರು, ಒಪ್ಪಿಗೆಯಿದ್ದರೆ ಸಹಿ ಹಾಕು. ಒಪ್ಪಿಗೆಯಿಲ್ಲ ಎನ್ನಬಹುದಿತ್ತು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಸುಜಾತಾಳಿಗೆ ಊರಲ್ಲಿ ಕೆಲಸವಿತ್ತು, ಮಗಳಿಗೆ ಶಾಲೆಯಿತ್ತು, ನನಗೆ ಅಲ್ಲಿ ಏನಿತ್ತು? ಬೆಳಿಗ್ಗೆ ಇಬ್ಬರನ್ನೂ ಕಳುಹಿಸಿ ಗೇಟು ಹಾಕಿ ಕೂರುವ ನಲವತ್ತರ ಗಂಡಸಾಗಲು ಹೆದರಿದೆ. ಅದನ್ನು ಮನೆಯವರಿಗಾಗಿ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಈಗ ಹೇಳುವುದಿಲ್ಲ, ಅದು ಬರೀ ಹೆದರಿಕೆ. ಸಹಿ ಹಾಕಿದೆ. ಸುಜಾತಾಳಿಗೂ ಹೇಳಲಿಲ್ಲ. ದಿನವೂ ಒಂದೂವರೆಗೆ ಮಗಳು, "ಇನ್ನು ಹದಿನೆಂಟು ದಿನ", "ಇನ್ನು ಹನ್ನೆರಡು ದಿನ" ಎನ್ನುತ್ತಿದ್ದಳು, ನಾನು "ಹ್ಮ್" ಎನ್ನುತ್ತಿದ್ದೆ.

ಅಕ್ಟೋಬರಿನ ಮೊದಲ ಸುತ್ತಿನಲ್ಲಿ ಮೂರು ಆಟ ಮೊದಲು ಗೆದ್ದವರು ಮುಂದಕ್ಕೆ. ಸೈಟಿನ ನಿಯಮದಂತೆ ಎಲ್ಲರಿಗೂ ಕೊಟ್ಟಿದ್ದ ಕಿತ್ತಳೆ ಜಾಕೆಟುಗಳನ್ನು ಮೊದಲ ದಿನ ಹೆಮ್ಮೆಯಿಂದ ಹಾಕಿಕೊಂಡೆವು. ಸಲೀಮ್ ಭಾಯಿ ಎಲ್ಲಿಂದಲೋ ಕಿತ್ತಳೆ ಚೀಲಗಳನ್ನೂ ತಂದಿದ್ದ. ಬೇಸಿಗೆಯ ನಿಯಮ ಮುಗಿದಿದ್ದರಿಂದ ಚೋ ಬಾಗಿಲಿಗೆ "ಡಾಕ್ಯುಮೆಂಟ್ ರಿವ್ಯೂ ನಡೆಯುತ್ತಿದೆ" ಎಂದು ಚೀಟಿ ಅಂಟಿಸಿದರು. ಒಂದೂವರೆಗೆ ನನ್ನನ್ನು ಹೊರಗೆ ಕಳುಹಿಸಿದರು. ನಾನು ಟ್ಯಾಂಕಿನ ಪಕ್ಕ ಫೋನು ಹಿಡಿದು ನಿಂತೆ, ನಂಬರ್ ಒತ್ತಲಿಲ್ಲ. ಒತ್ತಿದರೆ ಹೇಳಬೇಕಿತ್ತು. ಹತ್ತು ನಿಮಿಷ ನಿಂತು ಒಳಗೆ ಬಂದೆ. ತಂಡ ಸೋತಿತು. ಎರಡನೆಯ ದಿನವೂ ಹೊರಗೆ ಹೋಗಿ ಸುಮ್ಮನೆ ನಿಂತು ಬಂದೆ, ಮತ್ತೆ ಸೋತಿತು. "ಯೂ ವೆಂಟ್ ಔಟ್" ಎಂದು ಚೋ ನನ್ನನ್ನೇ ನೋಡುತ್ತ ಎರಡು ಸಲ ಹೇಳಿದರು. ಅವರಿಗೆ ಲೆಕ್ಕ ಸರಿಹೋಗುತ್ತಿರಲಿಲ್ಲ.

ಮೂರನೆಯ ದಿನ, ಸೋತರೆ ಎಲ್ಲ ಮುಗಿಯಿತು ಎನ್ನುವ ಆಟ. ಆಟ ಮುಗಿಯುತ್ತ ಬಂದರೂ ಒಳಗೆ ಹೋಗದೆ ಟ್ಯಾಂಕಿನ ಪಕ್ಕವೇ ನಿಂತಿದ್ದೆ. ಬಾಗಿಲು ತೆರೆದ ಸದ್ದಾಯಿತು. ಚೋ ಬಂದು ಎದುರಿಗೆ ನಿಂತರು, ತಲೆಯ ಮೇಲೆ ಆ ಚೀಲ ಇನ್ನೂ ಇತ್ತು.

"ನೋ ಫೋನ್?"

"ನೋ ಫೋನ್, ಸರ್. ಮೂರು ದಿನದಿಂದ ಮಾಡಲಿಲ್ಲ." ಕರಾರಿಗೆ ಸಹಿ ಹಾಕಿದ್ದು, ಶನಿವಾರ ನಾನು ಬರುತ್ತೇನೆಂದು ಮಗಳು ಕಾಯುತ್ತಿರುವುದು, ಎಲ್ಲವನ್ನೂ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಚೀಲ ಬಿಚ್ಚಿ ಕೈಯಲ್ಲಿ ಮುದುಡಿ ಹಿಡಿದುಕೊಂಡು ಒಂದು ಕತೆ ಹೇಳಿದರು. ಒಳಗೆ ಆಟ ನಡೆಯುತ್ತಲೇ ಇತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ಬೂಸಾನಿನ ಮೈದಾನದಲ್ಲಿ ಚೋ ಕೈಗೆ ಒಂದು ಚೆಂಡು ಬಂದಿತ್ತು. ಮುಂದಿನ ಸಾಲಿನಲ್ಲಿ ಪುಟ್ಟ ಹುಡುಗನೊಬ್ಬ ಕೈ ಚಾಚಿದ್ದ. ಎಲ್ಲರೂ ಅಜೂರಾ ಎಂದು ಕೂಗುತ್ತಿದ್ದರು. ಹೆಂಡತಿ ಆಗ ತುಂಬು ಬಸುರಿ. ನನ್ನ ಮಗುವಿಗೆ ನಾನೇ ಕೊಡುತ್ತೇನೆ ಎಂದು ಅವರು ಚೆಂಡನ್ನು ಜೇಬಿಗೆ ಹಾಕಿಕೊಂಡು, ಬೈಗುಳ ಕೇಳಿಸಿಕೊಳ್ಳುತ್ತ ಹೊರಗೆ ನಡೆದರು. ಮಗ ಹುಟ್ಟುವ ಮೊದಲೇ ಲಿಬಿಯಾದ ಕೆಲಸ ಬಂತು, ಆಮೇಲೆ ಸೌದಿ, ಆಮೇಲೆ ಇದು. ಚೆಂಡು ಪೆಟ್ಟಿಗೆಯಲ್ಲೇ ತಿರುಗಿತು. ಊರಿಗೆ ಹೋದಾಗಲೆಲ್ಲ ಹದಿನೈದೇ ದಿನ. ಮಗ ಮೊದಲು ಬಹಳ ಸಣ್ಣವನಾಗಿದ್ದ, ಆಮೇಲೆ ಒಮ್ಮೆಗೇ ಬಹಳ ದೊಡ್ಡವನಾಗಿದ್ದ.

"ನೌ, ಸನ್ ಸೇಮ್ ಟೀಮ್ ಹಾನ್" ಎಂದರು. ಮಗ ರಾಜಧಾನಿಯಲ್ಲಿದ್ದಾನೆ, ಆ ಊರಿನ ತಂಡದವನೇ ಆಗಿದ್ದಾನೆ. "ಬಾಲ್, ಮೈ ರೂಮ್. ಸ್ಟಿಲ್."

ಕ್ಯಾಬಿನ್ನಿನ ಬಾಗಿಲಲ್ಲಿ ಹಾನ್ ಕಾಣಿಸಿಕೊಂಡು, ಎರಡೂ ಕೈಗಳನ್ನು ಅಡ್ಡ ಮಾಡಿ ತೋರಿಸಿದ. ಮುಗಿಯಿತು. ಶತ್ರುಪಕ್ಷದವನ ಮುಖವೂ ಸಣ್ಣದಾಗಿತ್ತು. ಚೋ ಅತ್ತ ನೋಡಿ, ತಿರುಗಿ ನನಗೆ "ನೌ. ಫೋನ್" ಎಂದರು.

ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು.

"ಸೋತ್ರಾ ಅಪ್ಪ?"

"ಸೋತರು."

"ನಂಗೆ ಗೊತ್ತಿತ್ತು. ಮೂರು ದಿನದಿಂದ ನಿಮ್ಮ ಫೋನೇ ಇಲ್ಲ. ನೀವು ಹೊರಗೆ ಬರ್ಲಿಲ್ಲ ಅಲ್ವಾ?"

"ಬಂದಿದ್ದೆ ಮಗಾ. ಫೋನ್ ಮಾಡ್ಲಿಲ್ಲ." ಆಮೇಲೆ ಹೇಳಿದೆ. ಈ ದಸರೆಗೆ ಬರುದಿಲ್ಲ. ಇನ್ನೂ ಎರಡು ವರ್ಷ. ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು, ಒಂದು, ಎರಡು. ನನ್ನ ಮುಖ ನೋಡುತ್ತಿದ್ದ ಚೋ, "ಟೆಲ್ ಹರ್. ಬಾಲ್" ಎಂದರು. ಅದನ್ನೇ ಹಿಡಿದುಕೊಂಡೆ. "ನಿಂಗೊಂದು ನಿಜವಾದ ಚೆಂಡು ಉಂಟು ಪೂರ್ವಿ. ಬೂಸಾನಿನ ಮೈದಾನದ್ದು. ನಾನು ಬರುವಾಗ ತರ್ತೇನೆ."

ಅವಳು ಅಳಲಿಲ್ಲ. ಬಹಳ ಮೆಲ್ಲಗೆ ಹೇಳಿದಳು. "ಅಜೂರಾ."

ಮತ್ತೆ, ಅಮ್ಮ ಕರೀತಿದ್ದಾರೆ ಎಂದು ಫೋನಿಟ್ಟಳು. ಮಗುವಿಗೆ ಕೊಡು ಎಂದು ಅವಳು ಕೇಳಿದ್ದು ಚೆಂಡನ್ನಲ್ಲ ಎಂದು ನನಗೆ ಅರ್ಥವಾಗಿತ್ತು. ಆ ಪದ ಪಕ್ಕದಲ್ಲೇ ನಿಂತಿದ್ದ ಚೋಗೂ ಕೇಳಿಸಿತ್ತು. ಅವರು ಸಲೀಮ್ ಭಾಯಿಯನ್ನು ಕರೆದು ಗಾಡಿಯಲ್ಲಿ ಕ್ಯಾಂಪಿಗೆ ಹೋಗಿ, ಅರ್ಧ ಗಂಟೆಯಲ್ಲಿ ಚೆಂಡು ತಂದು ನನ್ನ ಕೈಗಿಟ್ಟರು. ಹಳದಿಗಟ್ಟಿದ ಚೆಂಡು, ಕೆಂಪು ಹೊಲಿಗೆ, ಒಂದು ಕಡೆ ಬ್ಯಾಟು ತಾಗಿದ ಕಲೆ. "ನೋ ಕೀಪ್. ಟುಡೇ" ಎಂದರು. ನಾನು ತಲೆಯಾಡಿಸಿದರೂ ನಂಬದೆ, "ಟುಡೇ!" ಎಂದು ಗದರಿದರು.

ಖೈತಾನಿನಲ್ಲಿ ನಮ್ಮ ಹಳೆಯ ಕಟ್ಟಡದಲ್ಲಿದ್ದ ಶಿರ್ವದ ನರ್ಸ್ ಒಬ್ಬರು ಮರುದಿನ ರಜೆಗೆ ಹೊರಟಿದ್ದರು. ಅದೇ ಸಂಜೆ ಅವರ ಕೈಯಲ್ಲಿ ಕೊಟ್ಟುಬಂದೆ. ಚೆಂಡು ಶನಿವಾರವೇ ಉಡುಪಿ ತಲುಪಿತು. ನಾನು ತಲುಪಿದ್ದು ಎರಡು ವರ್ಷದ ಮೇಲೆ, ಅದೂ ಹದಿನೈದು ದಿನಕ್ಕೆ. ಚೋ ಡಿಸೆಂಬರಿನಲ್ಲಿ ಬೇರೆ ದೇಶದ ಕೆಲಸಕ್ಕೆ ಹೋದರು, ಮತ್ತೆ ಅವರ ಸುದ್ದಿಯಿಲ್ಲ. ಅರ್ದಿಯಾದ ಗೋದಾಮಿನಲ್ಲಿ ಇಂಟರ್ನೆಟ್ ಚೆನ್ನಾಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಒಬ್ಬನೇ ಆಟ ಹಚ್ಚಿ ಕೂತರೆ, ಹೊರಗೆ ಹೋಗು ಎನ್ನುವವರು ಯಾರೂ ಇರಲಿಲ್ಲ. ಪೂರ್ವಿ ಫೋನಿನಲ್ಲಿ ಮಾತಾಡುತ್ತಿದ್ದಳು, ಮಾರ್ಕು, ಮಳೆ, ಗೆಳತಿಯರು. ಗೆದ್ದರಾ ಎಂದು ಮತ್ತೆಂದೂ ಕೇಳಲಿಲ್ಲ. ಆದರೂ ಆ ಚೆಂಡು ಅವಳ ತಲೆದಿಂಬಿನ ಪಕ್ಕದಲ್ಲಿದೆ ಎಂದುಕೊಂಡೇ ನಾನು ಅಷ್ಟು ವರ್ಷ ಮಲಗಿದ್ದೆ. ಪೂರ್ತಿಯಾಗಿ ಊರಿಗೆ ಬಂದದ್ದು ಹೋದ ವರ್ಷ. ಮನೆಯಲ್ಲಿ ಎಲ್ಲಿಯೂ ಕಾಣದಿದ್ದರೂ ಕೇಳಲು ಧೈರ್ಯವಾಗಿರಲಿಲ್ಲ.

ಅಂದು ಮಲ್ಪೆಯ ಓಣಿಯಲ್ಲಿ, ಆ ಬೊಂಡಾಸಿನ ವಾಸನೆಗೆ, ಮಾತು ಬಾಯಿಗೆ ಬಂದುಬಿಟ್ಟಿತು. "ಪೂರ್ವಿ, ಆ ಚೆಂಡು ಎಲ್ಲುಂಟು ಈಗ?"

"ಯಾವ ಚೆಂಡು?" ಎಂದು ಹುಬ್ಬು ಗಂಟಿಕ್ಕಿ, ಆಮೇಲೆ, "ಓ, ಬೂಸಾನಿಂದಾ? ಅದು ನಾನು ಆಗಲೇ ಕೊಟ್ಟಾಯ್ತಲ್ಲ ಅಪ್ಪ" ಎಂದಳು.

"ಯಾರಿಗೆ?"

"ಚೆಂಡು ಬಂದ ಮುಂದಿನ ತಿಂಗಳೇ ನಮ್ಮ ಕ್ಲಾಸಿಗೆ ದೋಹಾದಿಂದ ಒಬ್ಬಳು ಬಂದಿದ್ಲು. ಯಾರತ್ರವೂ ಮಾತಾಡ್ತಿರ್ಲಿಲ್ಲ. ನಾನು ಚೆಂಡು ಶಾಲೆಗೆ ತಕೊಂಡು ಹೋದ ದಿನ ಅವಳು ಅದನ್ನೇ ನೋಡ್ತಾ ಕೂತಿದ್ಲು. ಎಲ್ರೂ ಸೇರಿ ಅಜೂರಾ ಅಂತ ಕೂಗ್ಲಿಕ್ಕೆ ಶುರು ಮಾಡಿದ್ರು. ಕೂಗ್ಲಿಕ್ಕೆ ಕಲಿಸಿದ್ದೇ ನಾನು. ಮತ್ತೆ ಇಟ್ಕೊಳ್ಳಿಕ್ಕೆ ಆಗ್ತದಾ?"

ಚೋ ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದನ್ನು ನನ್ನ ಮಗಳು ಎರಡು ತಿಂಗಳೂ ಇಟ್ಟುಕೊಂಡಿರಲಿಲ್ಲ. ನನಗೆ ಹೆಮ್ಮೆಯಾಯಿತು. ಬೊಂಡಾಸಿನ ಒಂದು ತುಂಡು ಎತ್ತಿ, ಮತ್ತೆ ಗೋಣಿಯ ಮೇಲೇ ಇಟ್ಟೆ. "ಬೇಜಾರಾಯ್ತಾ?" ಎಂದು ಕೇಳಿದಳು. ಇಲ್ಲ ಎಂದೆ.

"ಅದು ಲಕ್ಕಿ ಚೆಂಡು ಅಪ್ಪ. ನಾವೆಲ್ಲ ಹಾಗೇ ಹೇಳ್ತಿದ್ದೆವು" ಎಂದಳು, ಹೆಲ್ಮೆಟ್ ಹಾಕಿಕೊಳ್ಳುತ್ತ. "ಮುಂದಿನ ದಸರಾಕ್ಕೆ ಅವಳ ಅಪ್ಪ ಬಂದ್ರು. ಮತ್ತೆ ಹೋಗ್ಲೇ ಇಲ್ಲ."

ಸ್ಕೂಟರ್ ಶುರು ಮಾಡಿ, ಗಟ್ಟಿ ಹಿಡ್ಕೊಳ್ಳಿ ಎಂದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಕುಳಿತೆ.